ಚೂಪು ಗಾಡಿ, ಗುಂಡು ಗೊಂಬೆ

ಮನುಷ್ಯರ ಮುಖಲಕ್ಷಣ ನೋಡಿ ಗುಣ ಹೇಳುವ ಸಾಮುದ್ರಿಕ ಶಾಸ್ತ್ರ ನಮ್ಮಲ್ಲಿ ಬಹು ಹಿಂದಿನಿಂದ ಇದೆ. ಗಾಡಿಗಳ ಮುಖಲಕ್ಷಣ ನೋಡಿ ಕಾಲದ ಗುಣ ಹೇಳುವ ಶಾಸ್ತ್ರವನ್ನು ಮಾತ್ರ ಇನ್ನೂ ಯಾರೂ ಬರೆದಂತಿಲ್ಲ. ಬರೆಯುವ ಉತ್ಸಾಹವುಳ್ಳವರಿಗೆ ನಮ್ಮ ಗಾಂಧಿಬಜಾರಿಗಿಂತ ಪ್ರಶಸ್ತವಾದ ಸ್ಥಳ ದೊರೆಯಲಾರದು. ಸಂಜೆ ಆರರ ಸುಮಾರಿಗೆ ಹೂವಿನಂಗಡಿಗಳ ಪಕ್ಕದಲ್ಲಿ ಕಾಲು ಗಂಟೆ ನಿಂತರೆ ಸಾಕು, ಎರಡು ಜಾತಿಯ ವಿದ್ಯುತ್ ವಾಹನಗಳು ಕಣ್ಣಿಗೆ ಬೀಳುತ್ತವೆ. ಒಂದು ಜಾತಿಯದಕ್ಕೆ ದುಂಡು ಕಣ್ಣು, ತುಂಬಿದ ಕೆನ್ನೆ, ಬಾಗಿದ ಬೆನ್ನು. ನಮ್ಮ ತಂದೆಯವರ ಕಾಲದ ಸ್ಕೂಟರನ್ನು ತೊಳೆದು ಹೊಳಪಿಟ್ಟು, ಪೆಟ್ರೋಲು ಬಿಡಿಸಿ ವ್ರತಕ್ಕೆ ಕೂರಿಸಿದಂತೆ ಕಾಣುತ್ತದೆ. ಇನ್ನೊಂದು ಜಾತಿಯದಕ್ಕೆ ಮೂಗೇ ಮುಖ. ಹುಬ್ಬು ಗಂಟಿಕ್ಕಿ, ಕಣ್ಣನ್ನು ಸೀಳುಗೆರೆಯಷ್ಟು ಕಿರಿದು ಮಾಡಿ, ಮೈಯೆಲ್ಲ ಮೂಲೆಯಾಗಿ, ಯಾರ ಮೇಲೋ ಯುದ್ಧಕ್ಕೆ ಹೊರಟಂತೆ ಅದು ನುಗ್ಗುತ್ತದೆ. ಹೊರಟಿರುವುದು ತರಕಾರಿ ತರಲಿಕ್ಕೆ.

ನಮ್ಮ ಬೀದಿಯ ಮನೆಯೊಂದರಲ್ಲಿ ಈಚೆಗೆ ಇದೇ ವಿಷಯವಾಗಿ ಒಂದು ಸಣ್ಣ ಪಾರ್ಲಿಮೆಂಟು ಕೂಡಿತ್ತು. ಕಾಲೇಜಿಗೆ ಹೋಗುವ ಮೊಮ್ಮಗ ತನಗೆ ಬೇಕಾದ ಗಾಡಿಯ ಚಿತ್ರವನ್ನು ಅಜ್ಜಿಯ ಮುಂದೆ ಹಿಡಿದಿದ್ದ.

"ನೋಡು ಅಜ್ಜಿ, ಇದು ಮುಂದಿನ ಕಾಲದ ಡಿಸೈನು. ಎಷ್ಟು ಶಾರ್ಪಾಗಿದೆ!"

"ಶಾರ್ಪಾಗಿರೋದಕ್ಕೆ ಅದೇನು ಈಳಿಗೆಮಣೆಯೇನೋ? ನಾನು ಎಲ್ಲಿ ಕೂತ್ಕೊಳ್ಳಲಿ, ಅದನ್ನ ಹೇಳು ಮೊದಲು."

ಅವನು ಹಿಂಬದಿಯ ಆಸನವನ್ನು ತೋರಿಸಿದ. ಅಜ್ಜಿ ಕನ್ನಡಕ ಸರಿಪಡಿಸಿಕೊಂಡು ನೋಡಿ, "ಇಲ್ಲಿ ಕಾಗೆ ಕೂತ್ಕೋಬಹುದು ಕಣೋ" ಎಂದರು. ಒಳಗಿನಿಂದ ಬಂದ ತಾಯಿ, ದುಂಡು ಮೂತಿಯ ಗಾಡಿಯೊಂದರ ಹೆಸರೆತ್ತಿ, ಅದು ಆಗದೇ ಎಂದು ಕೇಳಿದರು. ಹುಡುಗ ಮೂಗು ಮುರಿದ. "ಅದು ಬೇಡಮ್ಮ. ಆಟದ ಸಾಮಾನಿನ ಹಾಗಿದೆ."

ನಾನು ಅಲ್ಲಿಗೆ ಹೋಗಿದ್ದುದು ಪಂಚಾಂಗ ಕೇಳಲಿಕ್ಕೆ. ಆದರೆ ಆ ಹುಡುಗನ ಕೊನೆಯ ಮಾತು ನನ್ನ ಜೊತೆಯಲ್ಲೇ ಮನೆಗೆ ಬಂತು. ಏಕೆಂದರೆ "ಆಟದ ಸಾಮಾನು" ಎಂಬ ಆ ಮಾತಿಗೆ ನಮ್ಮ ಊರಿನಲ್ಲಿ ಒಂದು ಚರಿತ್ರೆಯಿದೆ. ಅದನ್ನು ಹೇಳುವ ಮುನ್ನ ಗಾಡಿಗಳಿಗೆ ಮುಖ ಹೇಗೆ ಬಂತೆಂಬುದನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ.

ಪೆಟ್ರೋಲು ಕಾರಿಗೆ ಉದ್ದ ಮೂತಿ ಬಂದದ್ದು ಅಂದಕ್ಕಲ್ಲ, ಎಂಜಿನ್ನಿಗೆ ಜಾಗ ಬೇಕೆಂದು. ಆ ಎಂಜಿನ್ನು ಕಾಯುತ್ತದೆ; ಅದನ್ನು ತಣಿಸುವ ನೀರಿಗೆ ಗಾಳಿ ಬೇಕು; ಗಾಳಿಗೆ ಬಾಯಿ ಬೇಕು; ಬಾಯಿಗೆ ಜಾಲರಿ ಬೇಕು. ಹೀಗೆ ಮೂಗು, ಬಾಯಿ, ಹಲ್ಲು ಎಲ್ಲವೂ ಅಗತ್ಯದಿಂದ ಹುಟ್ಟಿದವು. ವಿದ್ಯುತ್ ಗಾಡಿಯ ಮೋಟಾರು ಅದಕ್ಕೆ ಹೋಲಿಸಿದರೆ ಅಂಗೈಯಗಲದ ಸಂಸಾರ. ಬ್ಯಾಟರಿಯನ್ನು ಚಾಪೆಯಂತೆ ನೆಲದಡಿ ಹಾಸಿಬಿಡಬಹುದು. ಆದ್ದರಿಂದ ಅದರ ಆಕಾರವನ್ನು ಬರೆಯಲು ಕುಳಿತವನ ಮುಂದೆ ಕಾಗದ ಬಹುಮಟ್ಟಿಗೆ ಖಾಲಿ. ಯಂತ್ರವು ಹೀಗೇ ಇರಬೇಕೆಂದು ಅವನನ್ನು ಹೆಚ್ಚು ಕಾಡುವುದಿಲ್ಲ. ಆಗ ಅವನು ಬರೆಯುವುದು ತನ್ನ ಕನಸನ್ನು, ಅಥವಾ ತನ್ನ ಭಯವನ್ನು. ಇಂದಿನ ಚೂಪು ಗಾಡಿಗಳಲ್ಲಿ ಈ ಎರಡೂ ಇವೆಯೆಂದು ನನ್ನ ಅಭಿಪ್ರಾಯ. ಮೊದಲು ಭಯದ ಕಥೆ.

2001ರಲ್ಲಿ ಬೆಂಗಳೂರಿನ ಬೀದಿಗೆ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಇಳಿಯಿತು. ಅದರ ಹಿಂದಿದ್ದವರು ಚೇತನ್ ಮೈನಿ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗ, 1990ರಲ್ಲಿ, ಅಲ್ಲಿನ ವಿದ್ಯಾರ್ಥಿಗಳು ಕಟ್ಟಿದ ಸೂರ್ಯಶಕ್ತಿಯ ಕಾರಿನ ತಂಡದಲ್ಲಿ ಅವರೂ ಇದ್ದರು; ಆ ಕಾರು ಅಮೆರಿಕದ ಪಂದ್ಯದಲ್ಲಿ ಗೆದ್ದು ಆಸ್ಟ್ರೇಲಿಯದ ಪಂದ್ಯಕ್ಕೂ ಹೋಗಿತ್ತು. 1994ರಲ್ಲಿ ಬೆಂಗಳೂರಿನ ಮೈನಿ ಸಂಸ್ಥೆಯೂ ಕ್ಯಾಲಿಫೋರ್ನಿಯದ ಅಮೆರಿಗಾನ್ ಕಂಪೆನಿಯೂ ಕೂಡಿ ರೇವಾ ಕಂಪೆನಿಯನ್ನು ಸ್ಥಾಪಿಸಿದರು. ಕಾರಖಾನೆ ಬೊಮ್ಮಸಂದ್ರದಲ್ಲಿ.

ಆ ಕಾರನ್ನು ಕಂಡವರಿಗೆ ಅದರ ಚಿತ್ರ ಮರೆತಿರಲಾರದು. ಉದ್ದ 2.6 ಮೀಟರು. ಅಂದಿನ ಚಿಕ್ಕ ಕಾರೆಂದರೆ ಮಾರುತಿ 800, ಅದೇ 3.3 ಮೀಟರು ಇತ್ತು. ಎರಡು ಬಾಗಿಲು, ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ಉಕ್ಕಿನ ಚೌಕಟ್ಟು, ಅದರ ಮೇಲೆ ತಗ್ಗು ಬೀಳದ ಪ್ಲಾಸ್ಟಿಕ್ಕಿನ ಮೈ. ಮುಂದಿನ ಆಸನಗಳ ಕೆಳಗೆ ಎಂಟು ಸೀಸದ ಬ್ಯಾಟರಿಗಳು. ಗೇರು ಬದಲಾಯಿಸುವ ರಗಳೆಯಿಲ್ಲ. ರಾತ್ರಿ ಮನೆಯ ಪ್ಲಗ್ಗಿಗೆ ಸಿಕ್ಕಿಸಿ ಮಲಗಿದರೆ ಬೆಳಗ್ಗೆ 80 ಕಿಲೋಮೀಟರು ಓಡುತ್ತಿತ್ತು. ಬಸವನಗುಡಿಯಿಂದ ಮಲ್ಲೇಶ್ವರದ ಬೀಗರ ಮನೆಗೆ ನಾಲ್ಕು ಸಲ ಹೋಗಿ ಬರಬಹುದು. ಅಷ್ಟು ಸಲ ಬೀಗರ ಮನೆಗೆ ಹೋಗುವ ಪ್ರಮೇಯ ಯಾರಿಗೂ ಬರುವುದಿಲ್ಲವೆಂಬುದು ಬೇರೆ ಮಾತು. 1898ರ ಪ್ಲೇಗಿನ ತರುವಾಯ ಬೆಳೆದ ನಮ್ಮ ಈ ಎರಡು ಬಡಾವಣೆಗಳ ಅಡ್ಡರಸ್ತೆಗಳಿಗೆ, ಮನೆಗಳ ಹಿಂದಿನ ಕಿರುಗಲ್ಲಿಗಳಿಗೆ, ಅಳತೆ ತೆಗೆದು ಹೊಲಿಸಿದಂತಿದ್ದ ಗಾಡಿ ಅದು. 1905ರಲ್ಲೇ ಬೀದಿಗೆ ವಿದ್ಯುದ್ದೀಪ ಹಾಕಿಸಿಕೊಂಡ ಊರಿಗೆ ವಿದ್ಯುತ್ ಕಾರು ಬಂದರೆ ಊರು ಹಾರ ಹಿಡಿದು ಎದುರುಗೊಳ್ಳಬೇಕಾಗಿತ್ತು.

ಊರು ನಕ್ಕಿತು. ಮದುವೆಮನೆಯ ಮುಂದೆ ರೇವಾ ಬಂದು ನಿಂತರೆ, ಇಳಿಯುವವರು ಯಾರೆಂದು ನೋಡುವ ಮೊದಲೇ ಜನ ಮುಗುಳ್ನಗುತ್ತಿದ್ದರು. "ಕೀಲಿ ಕೊಟ್ಟರೆ ಓಡುತ್ತದೆಯೇ?" ಎಂಬ ಬಗೆಯ ಹಾಸ್ಯವನ್ನು ಅದರ ಒಡೆಯರು ಎಷ್ಟು ಬಾರಿ ಕೇಳಿದರೋ! ನಗೆಗೆ ಕಾರಣ ಯಂತ್ರವಾಗಿರಲಿಲ್ಲ. ಯಂತ್ರದ ವಿಷಯ ನಕ್ಕವರಲ್ಲಿ ಹೆಚ್ಚಿನವರಿಗೆ ತಿಳಿದೇ ಇರಲಿಲ್ಲ. ಕಾರಣ ಆಕಾರ. ಗುಂಡು ತಲೆ, ಕುಳ್ಳು ಕಾಲು, ಮಗುವಿನಂಥ ಮುಖ. ನಮ್ಮ ಮಧ್ಯಮವರ್ಗದವರಿಗೆ ಕಾರೆಂಬುದು ಬರಿಯ ವಾಹನವಲ್ಲವಷ್ಟೆ. ಅದು ಇಪ್ಪತ್ತು ವರ್ಷದ ನೌಕರಿಯ ಪ್ರಮಾಣಪತ್ರ, ನಾಲ್ಕು ಜನರೆದುರು ನಿಲ್ಲಿಸಬೇಕಾದ ಸಾಕ್ಷಿ. ಸಾಕ್ಷಿಯೇ ಬೊಂಬೆಯಂತಿದ್ದರೆ ಹೇಗೆ?

ಇಂಥ ನಗೆ ಈ ಊರಿನಲ್ಲಿ ಮೊದಲ ಸಲವೂ ಅಲ್ಲ. 1970ರ ದಶಕದಲ್ಲಿ ಬೆಂಗಳೂರಿನ ಸನ್‌ರೈಸ್ ಕಂಪೆನಿ ಬಾದಲ್ ಎಂಬ ಮೂರು ಗಾಲಿಯ ಕಾರನ್ನು ಮಾಡಿತ್ತು. ಮೈ ಫೈಬರ್‌ಗ್ಲಾಸಿನದು, ರೂಪ ಮೊಟ್ಟೆಯದು. ಅದೂ ಬಂತು, ಹೋಯಿತು.

ರೇವಾ ಮಾರಾಟವಾಗದಿದ್ದುದಕ್ಕೆ ಆಕಾರವೊಂದೇ ಕಾರಣವೆಂದರೆ ಅನ್ಯಾಯವಾದೀತು. ಮಾರುತಿಗಿಂತ ಚಿಕ್ಕದಾದರೂ ಬೆಲೆ ಚಿಕ್ಕದಾಗಿರಲಿಲ್ಲ. ಸೀಸದ ಬ್ಯಾಟರಿಗಳು ಕೆಲವೇ ವರ್ಷಗಳಲ್ಲಿ ಸೊರಗುತ್ತಿದ್ದವು, ಹೊಸದಕ್ಕೆ ದೊಡ್ಡ ಗಂಟು ಬಿಚ್ಚಬೇಕಾಗಿತ್ತು. 2004ರಿಂದ ಅದು ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್ ನಗರದಲ್ಲಿ ಮಾರಾಟವಾಯಿತು. ಅಲ್ಲಿ ನಗರದ ಮಧ್ಯಭಾಗಕ್ಕೆ ಕಾರು ತರುವವರು ಕೊಡಬೇಕಾದ ಸುಂಕ ವಿದ್ಯುತ್ ಗಾಡಿಗಿರಲಿಲ್ಲವಾದ್ದರಿಂದ, ಲೆಕ್ಕ ಬಲ್ಲ ಆಂಗ್ಲರು ಅದನ್ನು ಕೊಂಡರು. ಕೊಳ್ಳದವರು ಅಲ್ಲಿಯೂ ನಕ್ಕರು. 2007ರಲ್ಲಿ ಅಲ್ಲಿನ ಮೋಟಾರು ಪತ್ರಿಕೆಯೊಂದು ಅದನ್ನು ತಡೆಗೋಡೆಗೆ ಅಪ್ಪಳಿಸಿ ಪರೀಕ್ಷಿಸಿ, ಒಳಗಿದ್ದವರಿಗೆ ರಕ್ಷಣೆ ಸಾಲದೆಂದು ತೋರಿಸಿತು. ಅದು ಬರಿಯ ಹಾಸ್ಯವಲ್ಲ, ನ್ಯಾಯವಾದ ಆಕ್ಷೇಪ. ಕಾನೂನಿನ ಕಣ್ಣಿನಲ್ಲಿ ರೇವಾ ಕಾರೇ ಆಗಿರದೆ ಹಗುರ ನಾಲ್ಕು ಗಾಲಿಯ ಗಾಡಿಯೆಂಬ ಬೇರೆ ವರ್ಗಕ್ಕೆ ಸೇರಿದ್ದರಿಂದ, ಕಾರುಗಳಿಗೆ ಕಡ್ಡಾಯವಾದ ಡಿಕ್ಕಿಯ ಪರೀಕ್ಷೆ ಅದಕ್ಕೆ ಇರಲಿಲ್ಲ. ಮರುವರ್ಷ ಚೌಕಟ್ಟನ್ನು ಬಲಪಡಿಸಿದರು. 20ಕ್ಕೂ ಹೆಚ್ಚು ದೇಶಗಳಿಗೆ ಹೋದರೂ ಜಗತ್ತಿನಲ್ಲೆಲ್ಲ ಸೇರಿ ಮಾರಾಟವಾದ ಗಾಡಿಗಳು ನಾಲ್ಕೂವರೆ ಸಾವಿರದ ಆಸುಪಾಸು. 2010ರಲ್ಲಿ ಕಂಪೆನಿ ಮಹೀಂದ್ರದವರ ಕೈಸೇರಿತು. ಜಗತ್ತೆಲ್ಲ ವಿದ್ಯುತ್ ಗಾಡಿಯ ಮಾತನಾಡುವ ಕಾಲ ಬರುವಷ್ಟರಲ್ಲಿ, ಅದನ್ನು ಹತ್ತು ವರ್ಷ ಮುಂಚೆಯೇ ಮಾಡಿ ಮಾರಿದ ಊರಿನ ಕೈಯಲ್ಲಿ ಉಳಿದದ್ದು ಒಂದು ಅಡ್ಡಹೆಸರು.

ಇದರ ಮೇಲೆ ಇನ್ನೊಂದು ಗಾಯ. ಗಂಟೆಗೆ 25 ಕಿಲೋಮೀಟರಿಗಿಂತ ವೇಗವಿಲ್ಲದ, 250 ವಾಟಿನೊಳಗಿನ ಮೋಟಾರಿನ ವಿದ್ಯುತ್ ಸ್ಕೂಟರುಗಳಿಗೆ ಲೈಸೆನ್ಸೂ ಬೇಡ, ನೋಂದಣಿಯೂ ಬೇಡವೆಂದು ಕಾನೂನು ಬಿಟ್ಟಿದ್ದಿತು. ಅವು ಊರಿಗೆ ಬಂದಾಗ, ಏರಿನಲ್ಲಿ ಸೈಕಲ್ಲಿನವನು ಹಿಂದೆ ಹಾಕಿ ಹೋಗುತ್ತಿದ್ದ. ವಿದ್ಯುತ್ ಗಾಡಿಯೆಂದರೆ ಮಕ್ಕಳಾಟವೆಂಬ ಮಾತು ಹೀಗೆ ಗಟ್ಟಿಯಾಯಿತು.

ಈ ಹಿನ್ನೆಲೆಯನ್ನಿಟ್ಟುಕೊಂಡು ಅನಂತರ ಬಂದವರನ್ನು ನೋಡಬೇಕು. 2013ರಲ್ಲಿ ಮದರಾಸಿನ ಐಐಟಿಯಲ್ಲಿ ಓದಿದ ಇಬ್ಬರು ತರುಣರು ಹುಟ್ಟುಹಾಕಿದ ಏಥರ್ ಕಂಪೆನಿ ಬೆಂಗಳೂರಿನಲ್ಲಿ ನೆಲೆಯೂರಿ, 2018ರಲ್ಲಿ ತನ್ನ 450 ಎಂಬ ಸ್ಕೂಟರನ್ನು ಇದೇ ಊರಿನಲ್ಲಿ ಮೊದಲು ಮಾರಿತು. ಕೊರೆದ ಕೆನ್ನೆ, ಬಿಗಿದ ಸೊಂಟ, ಎಲ್ಲಿ ನೋಡಿದರೂ ಕೋನ. 2022ರಲ್ಲಿ ಇಲ್ಲಿಯ ಅಲ್ಟ್ರಾವಯೊಲೆಟ್ ಕಂಪೆನಿಯ ಎಫ್77 ಬೈಕು ಬಂತು. ಅದರ ಹೆಸರೂ ರೂಪವೂ ಯುದ್ಧವಿಮಾನದ ನೆನಪು ತರುವಂಥವು. 2024ರ ನವೆಂಬರಿನಲ್ಲಿ ಮಹೀಂದ್ರದವರು, ರೇವಾವನ್ನು ಕೊಂಡ ಅದೇ ಮಹೀಂದ್ರದವರು, ಬಿಇ 6 ಎಂಬ ಕಾರನ್ನು ತೋರಿಸಿದರು. ಅದನ್ನೂ ರೇವಾವನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಒಂದೇ ವಂಶದವೆಂದು ಯಾರೂ ನಂಬರು; ಒಂದು ತೊಟ್ಟಿಲಿನಲ್ಲಿರುವ ಕೂಸು, ಇನ್ನೊಂದು ಅಖಾಡಕ್ಕಿಳಿದ ಜಟ್ಟಿ. ಈ ಗಾಡಿಗಳನ್ನು ರೂಪಿಸಿದವರ ಮನಸ್ಸನ್ನು ನಾನು ಹೊಕ್ಕು ನೋಡಿಲ್ಲ. ಆದರೆ ಪ್ರತಿಯೊಂದು ಮೂಲೆಯೂ "ನಾನು ಆಟದ ಸಾಮಾನಲ್ಲ, ನಾನು ಆಟದ ಸಾಮಾನಲ್ಲ" ಎಂದು ಜಪಿಸುತ್ತಿರುವಂತೆ ನನಗೆ ಕೇಳಿಸುತ್ತದೆ.

ಭಯದ ಕಥೆ ಇಷ್ಟಾಯಿತು. ಇನ್ನು ಕನಸು. ಆ ಮೊಮ್ಮಗ ಚೂಪು ಗಾಡಿಯನ್ನು "ಮುಂದಿನ ಕಾಲದ್ದು" ಎಂದನಲ್ಲ, ಆ ಮುಂದಿನ ಕಾಲಕ್ಕೆ ಈಗ ಐವತ್ತು ತುಂಬಿದೆ.

ಮುಂದಿನ ಕಾಲದ ಗಾಡಿ ಹೇಗಿರಬೇಕೆಂಬ ಕಲ್ಪನೆಯೂ ಸೀರೆಯ ಅಂಚಿನಂತೆ ಬದಲಾಗುತ್ತ ಬಂದಿದೆ. 1950ರ ದಶಕದಲ್ಲಿ ಜಗತ್ತು ಜೆಟ್ ವಿಮಾನವನ್ನು ಕಂಡು ಬೆರಗಾಗಿತ್ತು. ಆಗ ಭವಿಷ್ಯವೆಂದರೆ ನಯ, ದುಂಡು, ರೆಕ್ಕೆ. ಅಮೆರಿಕದ ಜನರಲ್ ಮೋಟಾರ್ಸ್ ಕಂಪೆನಿ ಫೈರ್‌ಬರ್ಡ್ ಎಂಬ, ವಿಮಾನಕ್ಕೆ ಗಾಲಿ ಜೋಡಿಸಿದಂತಿದ್ದ ಕಾರನ್ನು ಮಾಡಿ ಪ್ರದರ್ಶನಗಳಲ್ಲಿ ಮೆರೆಸಿತು. ಫೋರ್ಡ್ ಕಂಪೆನಿ ಆ ದಶಕದ ಕೊನೆಯಲ್ಲಿ ನ್ಯೂಕ್ಲಿಯಾನ್ ಎಂಬ, ಬೆನ್ನಿನಲ್ಲಿ ಅಣುಸ್ಥಾವರವನ್ನು ಹೊತ್ತು ಓಡುವ ಕಾರನ್ನು ಕಲ್ಪಿಸಿತು. ಪುಣ್ಯಕ್ಕೆ ಅದು ಪೂರ್ಣಪ್ರಮಾಣದಲ್ಲಿ ಎಂದೂ ಹುಟ್ಟಲಿಲ್ಲ. ನಿಜ ಅಳತೆಯ ಎಂಟರಲ್ಲಿ ಮೂರು ಪಾಲಿನ ಮಾದರಿಯಾಗಿಯೇ ಉಳಿದು ವಸ್ತುಸಂಗ್ರಹಾಲಯ ಸೇರಿತು. ಆ ಕನಸಿನ ಒಂದು ಚೂರು ನಮ್ಮ ಚಾಮರಾಜಪೇಟೆಯವರೆಗೂ ಬಂದಿತ್ತು. ಮುಂಬಯಿಯಲ್ಲಿ ತಯಾರಾದ ಫಿಯಟ್ 1100 ಕಾರಿನ ಹಿಂಬದಿಯ ಎರಡು ಪುಟ್ಟ ರೆಕ್ಕೆಗಳು ನಿಮಗೆ ನೆನಪಿರಬಹುದು. ಆ ಕಾರಿನಲ್ಲಿ ಕೂತು ಮಕ್ಕಳ ಮದುವೆಯ ಕರೆಯೋಲೆ ಹಂಚಿದ ಲಾಯರುಗಳಿಗೂ ಡಾಕ್ಟರುಗಳಿಗೂ ತಾವು ಜೆಟ್ ಯುಗದ ರೆಕ್ಕೆ ಕಟ್ಟಿಕೊಂಡು ತಿರುಗುತ್ತಿದ್ದೇವೆಂಬ ಅರಿವು ಇದ್ದಿರಲಾರದು.

ಆಮೇಲೆ ಇಟಲಿಯವರು ಕಾಗದವನ್ನು ಮಡಿಸತೊಡಗಿದರು. 1968ರಲ್ಲಿ ಪ್ಯಾರಿಸಿನ ಪ್ರದರ್ಶನದಲ್ಲಿ ಬರ್ತೋನೆ ಸಂಸ್ಥೆ ಕಾರಾಬೊ ಎಂಬ ಕಾರನ್ನು ಇಟ್ಟಿತು. ರೂಪಿಸಿದವರು ಮಾರ್ಚೆಲ್ಲೊ ಗಾಂದೀನಿ. ಮರ ಸೀಳಲು ಬಡಿಯುವ ಬೆಣೆಯಂತೆ, ಮುಂದೆ ನೆಲಕ್ಕೆ ತಾಗುವಷ್ಟು ತಗ್ಗು, ಹಿಂದೆ ಎತ್ತರ, ನಡುವೆ ಒಂದೇ ನೇರ ಗೆರೆ. ಅವರದೇ ಕೈಯ ಲಂಬೋರ್ಗಿನಿ ಕೌಂಟಾಷ್ 1971ರಲ್ಲಿ ಜಿನೀವಾದಲ್ಲಿ ಕಾಣಿಸಿಕೊಂಡಿತು. ಆಗಿನಿಂದ ಹತ್ತು ಹದಿನೈದು ವರ್ಷ, ಭವಿಷ್ಯವೆಂದರೆ ಮೂಲೆ. ಸಿನಿಮಾದವರೂ ಅದನ್ನೇ ಹಿಡಿದರು, ವಿಡಿಯೋ ಆಟದವರೂ ಅದನ್ನೇ ಹಿಡಿದರು, ಆಟಿಕೆಯವರಂತೂ ಬಿಡಲೇ ಇಲ್ಲ. 2019ರ ನವೆಂಬರಿನಲ್ಲಿ ಟೆಸ್ಲಾ ಕಂಪೆನಿ ತನ್ನ ಸೈಬರ್‌ಟ್ರಕ್ಕನ್ನು ಲಾಸ್ ಏಂಜಲಿಸ್ ನಗರದಲ್ಲಿ ತೋರಿಸಿದಾಗ, ಅದು ನಾಳೆಯಿಂದ ಬಂದದ್ದೆಂದು ಎಲ್ಲರೂ ಹೌಹಾರಿದರು. ವಾಸ್ತವವಾಗಿ ಅದು 1970ರ ದಶಕದಿಂದ ಬಂದದ್ದು. ಕೊರಿಯದ ಹ್ಯುಂಡೈ ಕಂಪೆನಿಯವರು ಇದನ್ನು ಬಾಯಿಬಿಟ್ಟೇ ಹೇಳುತ್ತಾರೆ: ಅವರ ಅಯಾನಿಕ್ 5 ಕಾರಿನ ಗೆರೆಗಳಿಗೆ 1974ರ ತಮ್ಮದೇ ಪೋನಿ ಕಾರು ಪ್ರೇರಣೆ. ಹೀಗಿರುವಲ್ಲಿ ಗುಂಡು ಗಾಡಿ ಹಳೆಯದು, ಚೂಪು ಗಾಡಿ ಹೊಸದು ಎಂಬ ವಾದ ನಿಲ್ಲುವುದಿಲ್ಲ. ಒಂದು ಅಜ್ಜ ಕಂಡ ಕನಸು, ಇನ್ನೊಂದು ಅಪ್ಪ ಕಂಡ ಕನಸು. ಮೊಮ್ಮಗನ ಕನಸು ಯಾವುದೆಂದು ಇನ್ನೂ ಯಾರೂ ಬರೆದಿಲ್ಲ.

ಸೈಬರ್‌ಟ್ರಕ್ಕಿನ ಮೂಲೆಗಳಿಗೆ ಒಂದು ಸಮರ್ಥನೆಯಾದರೂ ಉಂಟು. ಅದರ ಮೈ ತುಕ್ಕು ಹಿಡಿಯದ ಉಕ್ಕಿನ ದಪ್ಪ ತಗಡು. ಸಾಮಾನ್ಯ ಕಾರಿನ ತಗಡನ್ನು ಅಚ್ಚಿನಲ್ಲಿಟ್ಟು ಒತ್ತಿ, ಇಡ್ಲಿ ತಟ್ಟೆಯ ಗುಳಿಯಂತೆ ಬೇಕಾದ ಬಾಗು ಕೊಡುತ್ತಾರೆ. ಈ ಉಕ್ಕಾದರೋ ಅಚ್ಚಿಗೆ ಜಗ್ಗುವಂಥದಲ್ಲ, ಮಡಿಸಬಹುದಷ್ಟೆ ಎಂದು ಕಂಪೆನಿಯವರ ಹೇಳಿಕೆ. ಮಡಿಸಿದರೆ ಮೂಲೆಯಲ್ಲದೆ ಇನ್ನೇನು ಬಂದೀತು? ಆದರೆ ನಮ್ಮ ಸ್ಕೂಟರುಗಳ ಮೈ ಬಹುಪಾಲು ಅಚ್ಚಿನಲ್ಲಿ ಎರೆದ ಪ್ಲಾಸ್ಟಿಕ್ಕು. ಅದಕ್ಕೆ ನಿಂಬೆಹಣ್ಣಿನ ಆಕಾರವೂ ಒಂದೇ, ನೇಗಿಲಿನ ಆಕಾರವೂ ಒಂದೇ. ತಗಡಿನ ಮೇಲೆ ಒಂದು ಮಡಿಕೆಗೆರೆ ಎಳೆದರೆ ಅದು ಬಿಗಿಯಾಗುವುದು ನಿಜ, ಪ್ಲಾಸ್ಟಿಕ್ಕಿಗೂ ಅಷ್ಟಿಷ್ಟು ಅದರ ಪ್ರಯೋಜನವುಂಟು. ಆದರೆ ನಮ್ಮ ಗಾಡಿಗಳ ಮೈಮೇಲಿನ ಮೂಲೆಗಳ ಸಂತೆಗೆ ಆ ನೆಪ ಸಾಲದು. ಅಲ್ಲಿ ಮೂಲೆ ಬಂದದ್ದು ಬೇಕೆಂದೇ.

ಇಲ್ಲೊಂದು ವಿನೋದವಿದೆ. ಸೈಬರ್‌ಟ್ರಕ್ಕಿನ ಗಾಜು ಒಡೆಯದೆಂದು ತೋರಿಸಲು ಆ ದಿನ ವೇದಿಕೆಯ ಮೇಲೆ ಉಕ್ಕಿನ ಗುಂಡು ಎಸೆದರು, ಗಾಜು ಒಡೆಯಿತು. ಹಾಟ್ ವೀಲ್ಸ್ ಆಟಿಕೆಗಳನ್ನು ಮಾಡುವ ಮ್ಯಾಟೆಲ್ ಕಂಪೆನಿ 2020ರ ಫೆಬ್ರವರಿಯಲ್ಲಿ ಅದರ ಹತ್ತನೆಯ ಒಂದು ಅಳತೆಯ ಮಾದರಿಯನ್ನು ಪ್ರಕಟಿಸಿ, ಜೊತೆಗೆ ಒಡೆದ ಗಾಜಿನ ಚಿತ್ರವಿರುವ ಅಂಟುಹಾಳೆಯನ್ನೂ ಕೊಟ್ಟಿತು. ನಿಜವಾದ ಗಾಡಿ ಗಿರಾಕಿಯ ಕೈಗೆ ಬಂದದ್ದು 2023ರ ನವೆಂಬರಿನ ಕೊನೆಯಲ್ಲಿ. ಆಟದ ಗಾಡಿ ಅದಕ್ಕೂ ಮೊದಲೇ ಬಂದಿತ್ತು. ಹಿಂದೆ ದೊಡ್ಡವರ ಗಾಡಿಯನ್ನು ನೋಡಿ ಮಕ್ಕಳ ಗಾಡಿ ಮಾಡುತ್ತಿದ್ದರು. ಈಗ ಯಾವುದನ್ನು ನೋಡಿ ಯಾವುದು ಎಂಬುದು ತಿಳಿಯದಾಗಿದೆ. ನಮ್ಮಲ್ಲಿಯೂ 2025ರ ಆಗಸ್ಟಿನಲ್ಲಿ ಬಿಇ 6 ಕಾರನ್ನು ಚಿತ್ರಕಥೆಯ ಬ್ಯಾಟ್‌ಮನ್ ಹೆಸರಿನಲ್ಲಿ ಕಪ್ಪು ಬಣ್ಣ ಬಳಿದು ವಿಶೇಷವಾಗಿ ಮಾರಾಟಕ್ಕಿಟ್ಟರು. 999 ಕಾರುಗಳು 135 ಸೆಕೆಂಡಿನಲ್ಲಿ ಕಾದಿರಿಸಲ್ಪಟ್ಟುವು. ಅಷ್ಟು ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಹಾಲು ಕಾಯುವುದಿಲ್ಲ. ಆಟದ ಸಾಮಾನಿನಂತಿದೆಯೆಂದು ರೇವಾವನ್ನು ಬಿಟ್ಟ ನಾಡಿನಲ್ಲೇ ಇದು ನಡೆದದ್ದು. ಅಂದ ಮೇಲೆ ನಮ್ಮ ತಕರಾರು ಆಟದ ಸಾಮಾನಿನ ಮೇಲಲ್ಲ. ಯಾವ ವಯಸ್ಸಿನ ಆಟದ ಸಾಮಾನು ಎಂಬುದರ ಮೇಲೆ. ರೇವಾ ಮೂರು ವರ್ಷದ ಮಗುವಿನದಾಗಿತ್ತು. ಇವು ಹದಿನಾಲ್ಕರ ಹುಡುಗನವು.

ಮೂರು ವರ್ಷದ ಮಗುವಿನ ಗಾಡಿ ಏಕೆ ಗುಂಡಗಿರುತ್ತದೆ? ಇದಕ್ಕೆ ಉತ್ತರ ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ 60 ಕಿಲೋಮೀಟರು ದೂರದ ಚನ್ನಪಟ್ಟಣದಲ್ಲಿದೆ. ಅಲ್ಲಿನ ಕಸುಬುದಾರರು ಆಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ ಗಿರ್ರನೆ ತಿರುಗಿಸಿ ಉಳಿ ಹಿಡಿಯುತ್ತಾರೆ. ತಿರುಗುವ ಮರದಲ್ಲಿ ಹುಟ್ಟುವುದೆಲ್ಲ ದುಂಡು: ಗುಂಡು, ಕೊಳವೆ, ಬಟ್ಟಲು, ಗಾಲಿ. ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತುತ್ತಾರೆ. ಉಜ್ಜಾಟದ ಕಾವಿಗೆ ಅರಗು ಕರಗಿ ಮೈಗೆ ಹತ್ತಿಕೊಳ್ಳುತ್ತದೆ. ಗರಿಯಿಂದ ಉಜ್ಜಿದರೆ ಕನ್ನಡಿಯ ಹೊಳಪು. ಕುಂಚವಿಲ್ಲ, ಎಣ್ಣೆಯ ಬಣ್ಣವಿಲ್ಲ. ಮರ ತಿರುಗದಿದ್ದರೆ ಕಾವಿಲ್ಲ, ಕಾವಿಲ್ಲದಿದ್ದರೆ ಬಣ್ಣವಿಲ್ಲ. ಆದ್ದರಿಂದ ಚನ್ನಪಟ್ಟಣದ ಕಾರಿನ ಡ್ರೈವರನ ತಲೆಯೂ ಗುಂಡು, ಗಾಡಿಯ ಬೆನ್ನೂ ಗುಂಡು. ಅದು ಯಾವ ಕಾಲದ ಕನಸೂ ಅಲ್ಲ. ಕೈಯ ಮತ್ತು ಯಂತ್ರದ ಒಪ್ಪಂದ. ಈ ಆಟಿಕೆಗಳಿಗೆ ಊರಿನ ಹೆಸರಿನ ಹಕ್ಕನ್ನು ಕಾಪಾಡುವ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ಅಲ್ಲಿಯ ಲೇತಿನ ಮೇಲೆ ಸೈಬರ್‌ಟ್ರಕ್ಕನ್ನು ಕಡೆಯಲು ಬರುವುದಿಲ್ಲ. ಗರಗಸದಿಂದ ಕೊಯ್ದು ಮಾಡಬಹುದು, ಆಗ ಅರಗು ಹಿಡಿಯುವುದಿಲ್ಲ.

ನವರಾತ್ರಿಯಲ್ಲಿ ಈ ಎಲ್ಲ ಕಾಲಗಳೂ ಒಂದೇ ಜಗಲಿಗೆ ಬರುತ್ತವೆ. ಬಸವನಗುಡಿ, ಮಲ್ಲೇಶ್ವರಗಳ ಮನೆಗಳಲ್ಲಿ ಪಟ್ಟದ ಗೊಂಬೆಗಳನ್ನು ಮೇಲಿನ ಮೆಟ್ಟಿಲಿನಲ್ಲಿ ಕೂರಿಸಿ, ಕೆಳಗೆ ಶೆಟ್ಟರ ಅಂಗಡಿಯಿಟ್ಟು, ಪಕ್ಕದಲ್ಲಿ ಮಕ್ಕಳಿಗಾಗಿ ಒಂದು ಪಾರ್ಕು ಮಾಡುವ ಸಂಪ್ರದಾಯವಿದೆಯಲ್ಲ. ರಾಗಿ, ಸಾಸಿವೆ ಮೊಳೆಸಿ ಹುಲ್ಲುಹಾಸು, ಕನ್ನಡಿಯಿಟ್ಟು ಕೆರೆ, ಮಣ್ಣಿನ ರಸ್ತೆಯ ಮೇಲೆ ಮನೆಯಲ್ಲಿರುವ ಗಾಡಿಗಳೆಲ್ಲ. ಅಜ್ಜನ ಕಾಲದ ಚನ್ನಪಟ್ಟಣದ ಮರದ ಕಾರು, ಚಿಕ್ಕಪ್ಪನ ಕಾಲದ ಕೀಲಿ ಕೊಡುವ ತಗಡಿನ ರಾಕೆಟ್ಟು, ಮೊಮ್ಮಗನ ಎರಕದ ಹಾಟ್ ವೀಲ್ಸು ಎಲ್ಲವೂ ಸಾಲಾಗಿ ನಿಲ್ಲುತ್ತವೆ. ಗೊಂಬೆ ಬಾಗಿನಕ್ಕೆ ಬಂದ ಪುಟ್ಟ ಮಕ್ಕಳ ಕೈ ಎಲ್ಲಕ್ಕೂ ಮೊದಲು ಯಾವುದರ ಮೇಲೆ ಹೋಗುತ್ತದೆಂಬುದನ್ನು ನಾನು ಹಲವು ವರ್ಷ ನೋಡಿದ್ದೇನೆ. ಮರದ ಕಾರು. ಅದನ್ನು ಯಾವ ಕಡೆಯಿಂದ ಹಿಡಿದರೂ ಅಂಗೈ ತುಂಬುತ್ತದೆ, ಬಾಯಿಗಿಟ್ಟರೂ ತಾಯಿ ಕಿರುಚುವುದಿಲ್ಲ. ದೊಡ್ಡ ಹುಡುಗರು ಅದನ್ನು ಮುಟ್ಟುವುದಿಲ್ಲ, ಚೂಪಾದವನ್ನು ಎತ್ತಿಕೊಂಡು ಪಂದ್ಯ ಕಟ್ಟುತ್ತಾರೆ.

ಮಕ್ಕಳ ಆಟಿಕೆಯ ಅಂಚು ಚೂಪಾಗಿರಬಾರದೆಂದು ಕಾನೂನಿದೆ. ನಮ್ಮ ದೇಶದಲ್ಲಿ 2021ರ ಜನವರಿಯಿಂದ ಆಟಿಕೆಗಳಿಗೆ ಮಾನಕ ಸಂಸ್ಥೆಯ ಮುದ್ರೆ ಕಡ್ಡಾಯವಾಗಿದೆ. ಅದರಂತೆಯೇ ದೊಡ್ಡವರ ಗಾಡಿಗೂ ಅಂತಾರಾಷ್ಟ್ರೀಯ ನಿಯಮವೊಂದಿದೆ: ಕಾರಿನ ಹೊರಮೈಯಲ್ಲಿ ದಾರಿಹೋಕನಿಗೆ ತಾಗಬಹುದಾದ ಗಟ್ಟಿಯಾದ ಯಾವ ಅಂಚಿನ ದುಂಡೂ 2.5 ಮಿಲಿಮೀಟರು ತ್ರಿಜ್ಯಕ್ಕಿಂತ ಕಡಿಮೆಯಿರಕೂಡದು. ಆದುದರಿಂದ ಕಣ್ಣಿಗೆ ಕತ್ತಿಯಂತೆ ಕಾಣುವ ಕಾರಿನ ಮೂಲೆಯೂ ಬೆರಳಿಟ್ಟು ನೋಡಿದರೆ ಕೊಂಚ ಮೊಂಡಾಗಿರಬೇಕು. ಮೂಲೆ ಎಂಬುದು ಬಹುಮಟ್ಟಿಗೆ ಕಣ್ಣಿನ ಭ್ರಮೆ, ಬೆಳಕು ನೆರಳುಗಳ ಆಟ. ಯೂರೋಪಿನವರು ಪಾದಚಾರಿಯ ತಲೆ, ಕಾಲುಗಳಿಗೆ ಪೆಟ್ಟಾಗುವ ಬಗೆಯನ್ನು ಅಳೆಯುವ ಪರೀಕ್ಷೆಯನ್ನೂ ಇಟ್ಟಿದ್ದಾರೆ. ಸೈಬರ್‌ಟ್ರಕ್ಕು ಅಲ್ಲಿ ಮಾಮೂಲಾಗಿ ಮಾರಾಟಕ್ಕೆ ಬಾರದೆ ಇರುವುದಕ್ಕೆ ಅದರ ಗಡಸು ಮೈ, ಚೂಪು ಅಂಚುಗಳೂ ಕಾರಣವೆಂದು ಅಲ್ಲಿನವರು ಹೇಳುವರು. ಗಾಂಧಿಬಜಾರಿನಲ್ಲಿ ಫುಟ್‌ಪಾತಿನಿಂದ ಕೆಳಗಿಳಿಯದೆ ಕಡಲೆಕಾಯಿ ಕೊಳ್ಳಲು ಯಾರಿಂದಲೂ ಆಗದು. ಅಲ್ಲಿ ಸದ್ದಿಲ್ಲದೆ ಬರುವ ಗಾಡಿಯ ಮೂತಿ ಹೇಗಿರಬೇಕೆಂಬುದು ಬರಿಯ ರುಚಿಯ ಪ್ರಶ್ನೆಯಲ್ಲವೆಂದು ನನಗೆ ತೋರುತ್ತದೆ. ಗಾಡಿಯ ಆಸನದ ಮೇಲೆ ಕೂರುವವನು ಅದರ ಮುಖವನ್ನು ನೋಡುವುದಿಲ್ಲ. ನೋಡುವವರು ಎದುರಿನಿಂದ ಬರುವವರು.

ನಮ್ಮ ದೇಶದ ಇನ್ನೊಂದು ಕಾನೂನು ನನಗೆ ಬಹಳ ಪ್ರಿಯ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದು. ಮೋಟಾರು ಸೈಕಲ್ಲಿನ ಹಿಂದೆ ಕೂರುವವರಿಗೆ ಹಿಡಿದುಕೊಳ್ಳಲು ಹಿಡಿ ಇರಬೇಕು, ಕಾಲಿಡಲು ಮೆಟ್ಟು ಇರಬೇಕು, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಗಾಲಿಯ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮರೆ ಇರಬೇಕು. ಜನ ಇದನ್ನು ಸೀರೆಗಾರ್ಡು ಎನ್ನುತ್ತಾರೆ. ಯುದ್ಧವಿಮಾನದ ಗರ್ವದಿಂದ ಬರುವ ಬೈಕಿನ ಪಕ್ಕೆಗೂ ಈ ನಾಡಿನಲ್ಲಿ ಸೀರೆಯ ಮರೆಯೊಂದು ಅಂಟಿಕೊಳ್ಳಲೇಬೇಕು. ಬೈಕಿನ ಅಂದ ಹಾಳಾಯಿತೆಂದು ಹುಡುಗರು ಗೊಣಗುತ್ತಾರೆ, ಕೆಲವರು ಬಿಚ್ಚಿಯೂ ಇಡುತ್ತಾರೆ. ಬಿಚ್ಚುವವರ ಹಿಂದೆ ಯಾರು ಕೂರುತ್ತಾರೆಂಬುದನ್ನು ಮನೆಯ ಹಿರಿಯರು ವಿಚಾರಿಸುವುದು ಒಳ್ಳೆಯದು.

2020ರ ಜನವರಿಯಲ್ಲಿ ಬಜಾಜ್ ಕಂಪೆನಿ ತನ್ನ ಹಳೆಯ ಚೇತಕ್ ಹೆಸರನ್ನು ವಿದ್ಯುತ್ ಸ್ಕೂಟರಿಗೆ ಇಟ್ಟು, ಪುಣೆಯಲ್ಲೂ ಬೆಂಗಳೂರಿನಲ್ಲೂ ಮೊದಲು ಮಾರಿತು. ದುಂಡು ದೀಪ, ಉಕ್ಕಿನ ಮೈ. ಒಂದು ಕಾಲದಲ್ಲಿ ಇದೇ ಹೆಸರಿನ ಸ್ಕೂಟರಿನ ಮುಂದೆ ಒಂದು ಮಗು ನಿಂತು, ಹಿಂದೆ ಹೆಂಡತಿ ಕೂತು, ಅವಳ ತೊಡೆಯ ಮೇಲೆ ಇನ್ನೊಂದು ಮಗುವಿದ್ದು, ಇಡೀ ಸಂಸಾರ ಕಡಲೆಕಾಯಿ ಪರಿಷೆಗೆ ಹೋಗುತ್ತಿತ್ತು. ಅದು ಕಾನೂನಿಗೆ ವಿರುದ್ಧ. ಆ ಮಾತು ಬೇರೆ. ಆದರೆ ಮುಂದೆ ನಿಂತ ಮಗುವಿನ ಗಲ್ಲಕ್ಕೆ ತಾಗುತ್ತಿದ್ದ ಆ ತಗಡಿಗೆ ಮೂಲೆಯಿರಲಿಲ್ಲ.

ಏಥರ್ ಕಂಪೆನಿಯವರು ಆರು ವರ್ಷ ಚೂಪು ಸ್ಕೂಟರನ್ನೇ ಮಾರಿದ ಮೇಲೆ, 2024ರ ಏಪ್ರಿಲಿನಲ್ಲಿ ರಿಜ್ಟಾ ಎಂಬ ಇನ್ನೊಂದನ್ನು ತಂದರು. ಸಂಸಾರಸ್ಥರಿಗೆಂದೇ ಮಾಡಿದ್ದು: ಉದ್ದವೂ ಅಗಲವೂ ಆದ ಆಸನ, ಕಾಲಿಡಲು ಸಮತಟ್ಟಾದ ಜಾಗ, ಹಿಂದೆ ಕೂತವರ ಬೆನ್ನಿಗೆ ಬೇಕಾದರೆ ಒರಗು, ಆಸನದ ಕೆಳಗೆ 34 ಲೀಟರಿನಷ್ಟು ಸಾಮಾನಿಡುವ ಜಾಗ. ಮೂತಿಯ ಮೂಲೆಗಳನ್ನು ಉಜ್ಜಿ ಉಜ್ಜಿ ಮೆತ್ತಗೆ ಮಾಡಿದ್ದಾರೆ. 450ರ ಅಭಿಮಾನಿಗಳಾದ ಹುಡುಗರಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ. ಒಂದು ವರ್ಷ ಕಳೆಯುವುದರೊಳಗೆ ಆ ಕಂಪೆನಿ ಮಾರುವ ಸ್ಕೂಟರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ ಆಗಿತ್ತು.